ಸಂಕಟ ಅಂದರೇನು, ಸಿಸ್ಟರ್?

ಆ ರಾತ್ರಿ ಪುಣೆಯ ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ 28 ರೋಗಿಗಳಿದ್ದರು, ನೋಡಿಕೊಳ್ಳಲು ನಾವಿಬ್ಬರು. ಒಬ್ಬರು ಇಪ್ಪತ್ತು ವರ್ಷ ಸೇವೆ ಮಾಡಿದ ಸೀನಿಯರ್ ಸಿಸ್ಟರ್, ಇನ್ನೊಬ್ಬಳು ಪಾಸಾಗಿ ಎರಡು ತಿಂಗಳೂ ತುಂಬದ ನಾನು. 14ನೇ ಬೆಡ್ಡಿನ ಅಜ್ಜನಿಗೆ ಊಟಕ್ಕೆ ಮುಂಚೆ 12 ಯುನಿಟ್ ಇನ್ಸುಲಿನ್ ಕೊಡಬೇಕಿತ್ತು. ಸಕ್ಕರೆ ಕಾಯಿಲೆಯಿಂದ ಕಾಲಿನ ಹೆಬ್ಬೆರಳು ಕಳೆದುಕೊಂಡವರು ಅವರು. ವಾರ್ಡಿನ ಬಾಟಲಿ ಖಾಲಿಯಾಗಿತ್ತು. ಅವರ ಮಗ ಮನೆಯಿಂದ ತಂದಿಟ್ಟಿದ್ದ ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ ಫ್ರಿಜ್ಜಿನಲ್ಲಿತ್ತು. ಪೆನ್ನು ಮನೆಯಲ್ಲೇ ಉಳಿದಿತ್ತು. ಔಷಧಿ ಅದೇ ಅಲ್ಲವೇ ಅಂದುಕೊಂಡೆ. ಟ್ರೇಯಲ್ಲಿದ್ದ ಕೆಂಪು ಕ್ಯಾಪಿನ ಸಿರಿಂಜು ತೆಗೆದು 12ರ ಗೆರೆಯವರೆಗೆ ಎಳೆದುಕೊಂಡೆ.

ಎಳೆಯುವಾಗಲೇ ಒಳಗೊಳಗೆ ಏನೋ ಚುಚ್ಚುತ್ತಿತ್ತು. ಪೆನ್ನಿಗೆ ಹಾಕುವುದನ್ನು ಸಿರಿಂಜಿಗೆ ಎಳೆಯಬಹುದೇ? ಸೀನಿಯರ್ ಸಿಸ್ಟರ್ ಹತ್ತು ಹೆಜ್ಜೆ ದೂರದಲ್ಲಿದ್ದರು. ಕೇಳಬಹುದಿತ್ತು, ಕೇಳಲಿಲ್ಲ. ಮೂರು ದಿನದ ಹಿಂದೆ ರೌಂಡ್ಸಿನಲ್ಲಿ ಏನೋ ಕೇಳಿದ್ದಕ್ಕೆ "ಮೂರು ವರ್ಷ ಏನು ಕಲಿತೆ?" ಎಂದು ಎಲ್ಲರೆದುರು ಅನ್ನಿಸಿಕೊಂಡಿದ್ದೆ. ಆ ಮಾತು ಇನ್ನೂ ಕಿವಿಯಲ್ಲಿತ್ತು.

ಅಜ್ಜನ ಹೊಟ್ಟೆಯ ಚರ್ಮಕ್ಕೆ ಸ್ಪಿರಿಟ್ ಹಚ್ಚುತ್ತಿದ್ದೆ. ಹಿಂದಿನಿಂದ ಬಂದ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದರು. "ಬಾಳಾ, ಬಾಟಲಿ ತೋರಿಸು" ಅಂದರು, ಮರಾಠಿಯಲ್ಲಿ, ಮೆಲ್ಲಗೆ; ಬಾಳಾ ಅಂದರೆ ಮಗು. ಕಾರ್ಟ್ರಿಜ್ ತೋರಿಸಿದೆ. ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಸ್ ಪೇಪರಿನ ಹಿಂಬದಿಯಲ್ಲಿ ಲೆಕ್ಕ ಬರೆದರು. ಕೆಂಪು ಕ್ಯಾಪಿನ ಸಿರಿಂಜು ಒಂದು ಎಂಎಲ್‌ನಲ್ಲಿ 40 ಯುನಿಟ್ ಇರುವ ಔಷಧಿಗೆ ಮಾಡಿದ್ದು. ಅದರ 12ರ ಗೆರೆ ಅಂದರೆ 0.3 ಎಂಎಲ್. ಪೆನ್ನಿನ ಕಾರ್ಟ್ರಿಜ್ಜಿನಲ್ಲಿ ಒಂದು ಎಂಎಲ್‌ಗೆ 100 ಯುನಿಟ್. ಅಂದಮೇಲೆ 0.3 ಎಂಎಲ್‌ಗೆ ಎಷ್ಟು?

ಮೂವತ್ತು.

ಅರ್ಧ ಭಾಕರಿ ತಿಂದು ತಟ್ಟೆ ಸರಿಸಿ ಮಲಗುವ ಮುದುಕರಿಗೆ 12ರ ಬದಲು 30 ಯುನಿಟ್ ಕೊಡಲು ಹೊರಟಿದ್ದೆ. ನಡುರಾತ್ರಿ ಸಕ್ಕರೆ ಇಳಿಯುತ್ತದೆ, ಮೈ ಬೆವರುತ್ತದೆ, ಮಾತು ತೊದಲುತ್ತದೆ, ಎಚ್ಚರ ತಪ್ಪುತ್ತದೆ. 28 ಜನ ಮಲಗಿರುವ ಕತ್ತಲೆಯ ವಾರ್ಡಿನಲ್ಲಿ ಒಬ್ಬರು ನಿದ್ದೆಯಲ್ಲಿದ್ದಾರೋ ಎಚ್ಚರ ತಪ್ಪಿದ್ದಾರೋ ಎಂದು ದೂರದಿಂದ ಯಾರಿಗೆ ಗೊತ್ತಾಗುತ್ತದೆ? ಇದೇ ತಪ್ಪು ತಿರುಗುಮುರುಗಾಗಿಯೂ ಆಗುತ್ತದೆ: 40ರ ಬಾಟಲಿಯಿಂದ ಕೇಸರಿ ಕ್ಯಾಪಿನ, ಅಂದರೆ 100ರ ಸಿರಿಂಜಿನಲ್ಲಿ ಎಳೆದರೆ 10 ಯುನಿಟ್ ಎಂದುಕೊಂಡದ್ದು ನಾಲ್ಕೇ ಆಗಿರುತ್ತದೆ. ಆಗ ಸಕ್ಕರೆ ಇಳಿಯದೆ ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ.

ಸಿಸ್ಟರ್ ಆ ಸಿರಿಂಜನ್ನು ಎಸೆಯಿಸಿದರು. ಕೆಳಗಿನ ಫಾರ್ಮಸಿಯಿಂದ ಬಾಟಲಿ ತರಿಸಿ, ನನ್ನ ಕೈಯಿಂದಲೇ ಎಳೆಸಿ, ತಾವೂ ನೋಡಿ, ನನ್ನಿಂದಲೇ ಕೊಡಿಸಿದರು. ಆಮೇಲೆ ರಿಜಿಸ್ಟರ್ ಮುಂದಿಟ್ಟು "ಬರೆ" ಅಂದರು. ಏನೂ ಆಗಲಿಲ್ಲವಲ್ಲ ಅಂದೆ. "ಆಗದೆ ಇದ್ದದ್ದನ್ನೇ ಬರೆಯಬೇಕು. ಆದಮೇಲೆ ಬರೆದರೆ ಅದು ಪೊಲೀಸರಿಗೆ, ಆಗುವ ಮೊದಲು ಬರೆದರೆ ಮುಂದಿನ ಹುಡುಗಿಗೆ." ನನ್ನ ಹೆಸರು ಹಾಕಿ, ನಾನು ಮಾಡಹೊರಟ ತಪ್ಪನ್ನು ನಾನೇ ಬರೆದೆ. ಕೈ ನಡುಗಿ ಅಕ್ಷರ ಓರೆಯಾಗಿತ್ತು. ಮರುವಾರ ಔಷಧಿಯ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿತು: ಪೆನ್ನಿನ ಔಷಧಿ ಸಿರಿಂಜಿಗೆ ಎಳೆಯಬಾರದು.

ಕೇಳು ಎಂಬ ನಮ್ಮ ಕನ್ನಡದ ಮಾತಿನ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಕಿವಿಗೊಡುವುದಕ್ಕೂ ಅದೇ ಮಾತು, ಪ್ರಶ್ನಿಸುವುದಕ್ಕೂ ಅದೇ ಮಾತು. ಮರಾಠಿಯಲ್ಲಿ ಒಂದು 'ಐಕಣೆ', ಇನ್ನೊಂದು 'ವಿಚಾರಣೆ', ಬೇರೆ ಬೇರೆ. ನರ್ಸಿನ ಕೆಲಸಕ್ಕೆ ನಮ್ಮ ಮಾತೇ ಸರಿಯಾಗಿ ಹೊಂದುತ್ತದೆ ಅನ್ನಿಸುತ್ತದೆ.

ನನ್ನೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ. ಕನ್ನಡ ಶಾಲೆಯಲ್ಲಿ ಪಿಯುಸಿವರೆಗೆ ಓದಿ, 2006ರಲ್ಲಿ ಜಿಎನ್‌ಎಂ ನರ್ಸಿಂಗ್ ಕಲಿಯಲು ಪುಣೆಗೆ ಬಂದೆ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಟ್ರಂಕು. ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ರೈಲು. ಹೊರಡುವ ದಿನ ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಅಂದಿದ್ದು ಇನ್ನೂ ನೆನಪಿದೆ: "ಕಂಡವರ ಹೊಲಸು ಬಳಿಯಾಕ ಇಷ್ಟು ದೂರ ಹೋಗಬೇಕೇನವಾ?" ಅಪ್ಪ ಏನೂ ಅನ್ನದೆ ಟ್ರಂಕು ಹೆಗಲಿಗೇರಿಸಿಕೊಂಡ.

ಪುಸ್ತಕ ಇಂಗ್ಲಿಷಿನಲ್ಲಿ, ವಾರ್ಡು ಮರಾಠಿಯಲ್ಲಿ, ನನ್ನ ತಲೆ ಕನ್ನಡದಲ್ಲಿ. ಮೊದಲ ವಾರ ಎಪ್ಪತ್ತರ ಮುದುಕರೊಬ್ಬರು ನನ್ನನ್ನು "ತಾಈ, ಪಾಣಿ" ಎಂದು ಕರೆದಾಗ ಕಣ್ಣಲ್ಲಿ ನೀರು ಬಂತು. ನನ್ನ ಕಿವಿಗೆ ಅದು 'ತಾಯಿ' ಎಂದು ಬಿತ್ತು. ನಮ್ಮ ಕಡೆ ಹಿರಿಯರು ಸಣ್ಣ ಹುಡುಗಿಯರನ್ನು ಅಕ್ಕರೆಯಿಂದ ಕರೆಯುವುದು ಹಾಗೆಯೇ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ ಎಂದು ಹಾಸ್ಟೆಲ್ಲಿನ ಗೆಳತಿ ಹೇಳಿದಳು. ಅಕ್ಕನಾದರೇನು, ಅಂದಿನಿಂದ ಆ ವಾರ್ಡು ನನಗೆ ಪರದೇಶವಾಗಿ ಉಳಿಯಲಿಲ್ಲ. ಜುಲಾಬ್, ಲಘವಿ, ಮಳಮಳ, ಚಕ್ಕರ್ ಎಂದು ರೋಗಿಗಳು ಆಡುವ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಸಣ್ಣ ನೋಟ್‌ಬುಕ್ ಏಪ್ರನ್ನಿನ ಜೇಬಿನಲ್ಲಿರುತ್ತಿತ್ತು.

ಮೊದಲ ಸಾವು ಎರಡನೇ ವರ್ಷದಲ್ಲಿ. ದೇಹವನ್ನು ಸಿದ್ಧಮಾಡುವುದು ಹೇಗೆಂದು ಪುಸ್ತಕದಲ್ಲಿ ಓದಿದ್ದೆ: ಕಣ್ಣು ಮುಚ್ಚಿಸುವುದು, ದವಡೆ ಕಟ್ಟುವುದು, ನಳಿಕೆಗಳನ್ನು ತೆಗೆಯುವುದು, ಒರೆಸುವುದು, ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವುದು, ಹೆಸರಿನ ಚೀಟಿ. ಪರದೆ ಎಳೆದು ನಿಂತಾಗ ಕೈಯೇ ಏಳಲಿಲ್ಲ. ವಾರ್ಡಿನ ಮಾವಶಿ, ಆಯಾ ಕೆಲಸದವರು, ಬೇಸಿನ್ನಿನಲ್ಲಿ ಬೆಚ್ಚನೆಯ ನೀರು ತಂದಿಟ್ಟರು. ತೀರಿಕೊಂಡವರಿಗೆ ತಣ್ಣೀರೇನು ಬಿಸಿನೀರೇನು ಎಂದು ಅವರು ಎಣಿಸಲಿಲ್ಲ. ಹೊರಳಿಸುವ ಮುನ್ನ ಬಗ್ಗಿ ಕಿವಿಯ ಹತ್ತಿರ "ಬಾಬಾ, ಈಗ ಸ್ವಲ್ಪ ಮಗ್ಗುಲಾಗೋಣ ಹಂ" ಅಂದರು. ಬೆನ್ನು ಒರೆಸುವಾಗ "ಆಯ್ತು, ಆಯ್ತು" ಅಂದರು. ನಾನೂ ಅವರಂತೆ ಮಾತಾಡುತ್ತಾ ಆ ಕೆಲಸ ಮುಗಿಸಿದೆ. ಆಮೇಲೆ ಲಿನನ್ ರೂಮಿನಲ್ಲಿ ಬೆಡ್‌ಶೀಟುಗಳ ನಡುವೆ ಕೂತು ಅತ್ತೆ. ಇವತ್ತಿಗೂ ಪ್ರಜ್ಞೆಯಿಲ್ಲದ ರೋಗಿಯನ್ನು ಮುಟ್ಟುವ ಮೊದಲು ಏನು ಮಾಡುತ್ತಿದ್ದೇನೆಂದು ಹೇಳಿಯೇ ಮುಟ್ಟುತ್ತೇನೆ. ಅದನ್ನು ಕಲಿಸಿದ್ದು ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಿದ್ದ ಆ ಹೆಣ್ಣುಮಗಳು.

ಮೂರನೇ ವರ್ಷ ಸಮುದಾಯ ಆರೋಗ್ಯದ ಪೋಸ್ಟಿಂಗ್ ಹಡಪ್ಸರ್ ಕಡೆಗೆ ಬಿತ್ತು. ಬಸ್ಸಿನಲ್ಲಿ ನಮ್ಮ ಟೀಚರ್ ಹೇಳಿದರು: 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ತಮ್ಮ ದತ್ತುಮಗ ಡಾಕ್ಟರ್ ಯಶವಂತನ ಜೊತೆ ಇಲ್ಲೇ ಊರ ಹೊರಗೆ ಚಿಕಿತ್ಸಾಲಯ ತೆರೆದಿದ್ದರು. ಮುಂಢವಾದ ಅಸ್ಪೃಶ್ಯ ಕೇರಿಯಲ್ಲಿ ಪ್ಲೇಗು ತಗಲಿದ ಹುಡುಗನೊಬ್ಬನನ್ನು ತಾವೇ ಹೊತ್ತು ತಂದರು. ಅದೇ ರೋಗ ತಗಲಿ ಮಾರ್ಚ್ 10ರಂದು ತೀರಿಕೊಂಡರು. 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಎಂದಷ್ಟೇ ನಾನು ಓದಿದ್ದೆ. ಅವರ ಕೊನೆಯ ಕೆಲಸ ನನ್ನ ಕೆಲಸವೇ ಆಗಿತ್ತೆಂದು ಗೊತ್ತಿರಲಿಲ್ಲ. 1909ರಲ್ಲಿ ರಮಾಬಾಯಿ ರಾನಡೆ ಪುಣೆಯಲ್ಲಿ ಸೇವಾ ಸದನ ಕಟ್ಟಿ, ಮನೆಯ ಮೂಲೆಯಲ್ಲಿ ಕೂರಿಸಿದ್ದ ವಿಧವೆಯರನ್ನು ನರ್ಸ್ ತರಬೇತಿಗೆ ಕರೆತಂದಾಗಲೂ ಊರು ದೊಡ್ಡಪ್ಪನ ಮಾತನ್ನೇ ಆಡಿತ್ತು. ಆ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿ, ಮಂಡಿ ನೋವಿಗೆ ಯಾವ ಗುಳಿಗೆ ಒಳ್ಳೆಯದು ಎಂದು ವಿಚಾರಿಸಿದರು.

ಓದುವಾಗಿನ ಕಷ್ಟ ಬೇರೆ, ಪಾಸಾದ ಮೇಲಿನದು ಬೇರೆ. ಬೆನ್ನ ಹಿಂದೆ ಟೀಚರ್ ಇರುವುದಿಲ್ಲ, ಸಹಿ ನಮ್ಮದೇ. ಪುಸ್ತಕದಲ್ಲಿ ಐದು ರೋಗಿಗೆ ಒಬ್ಬ ನರ್ಸ್, ವಾರ್ಡಿನಲ್ಲಿ ಹದಿನಾಲ್ಕಕ್ಕೆ ಒಬ್ಬಳು. ಕಲಿತ ಹಾಗೆ ಮಾಡಲಾಗುತ್ತಿಲ್ಲ ಎಂಬ ಕೊರಗು ಎಳೆಯ ನರ್ಸನ್ನು ಒಳಗೇ ತಿನ್ನುತ್ತದೆ. ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲೇ ಇದಕ್ಕೆ 'ರಿಯಾಲಿಟಿ ಶಾಕ್' ಎಂದು ಹೆಸರಿಟ್ಟು, ನರ್ಸುಗಳು ಕೆಲಸ ಬಿಡುವುದೇಕೆ ಎಂದು ಪುಸ್ತಕವನ್ನೇ ಬರೆದರು. ನನ್ನ ಬ್ಯಾಚಿನಲ್ಲೂ ಮೊದಲ ವರ್ಷದಲ್ಲೇ ಬಿಟ್ಟವರಿದ್ದಾರೆ. ಅವರು ಅಶಕ್ತರಾಗಿರಲಿಲ್ಲ. ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ಮಾತಾಡುವವರು ಸಿಗಲಿಲ್ಲ, ಅಷ್ಟೇ.

ಇನ್ಸುಲಿನ್ನಿನ ಘಟನೆಯಾಗಿ ವರ್ಷದ ಮೇಲೆ, ಕ್ಯಾಶುವಾಲ್ಟಿಯಲ್ಲಿದ್ದೆ. ಹಿಂಜವಡಿಯ ಕಟ್ಟಡ ಕೆಲಸದ ಜಾಗದಿಂದ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳನ್ನು ಕರೆತಂದರು. ಪುಣೆಯ ಎತ್ತರದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಎಷ್ಟೋ ಮಂದಿ. ಮರಾಠಿಯಲ್ಲಿ ಹೊಟ್ಟೆ ನೋವಾ ಎಂದು ಕೇಳಿದರೆ ತಲೆಯಾಡಿಸಿದಳು. ಡ್ಯೂಟಿ ಡಾಕ್ಟರು ಗ್ಯಾಸ್ ಎಂದು ಬರೆದು ಇಂಜೆಕ್ಷನ್ ಹೇಳಿದರು. ನಾನು ಇನ್ನೊಂದು ಬೆಡ್ಡಿಗೆ ಸಲೈನ್ ಒಯ್ಯುತ್ತಿದ್ದೆ. ಕಿವಿಗೆ ಬಿತ್ತು: "ಯವ್ವಾ, ಜೀವಕ್ಕ ಸಂಕಟ ಆಗಾಕತ್ತೈತಿ, ಗದ್ದ ಹಿಡದಂಗ ಆಗೈತಿ."

ಮುದ್ದೇಬಿಹಾಳದ ಕಡೆಯ ದನಿ. ಸಲೈನ್ ಅಲ್ಲೇ ತೂಗುಹಾಕಿ ಹೋದೆ. ಕೈ ಮುಟ್ಟಿದರೆ ತಣ್ಣನೆಯ ಬೆವರು. ನಾಡಿ ಪೂರ್ತಿ ಒಂದು ನಿಮಿಷ ಎಣಿಸಿದೆ: 48, ನಡುನಡುವೆ ತಪ್ಪುತ್ತಿತ್ತು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ದರೆ ಆ ತಪ್ಪುವಿಕೆ ಸಿಗುತ್ತಿತ್ತೋ ಇಲ್ಲವೋ. ಡ್ಯೂಟಿ ಡಾಕ್ಟರ ಹತ್ತಿರ ಹೋಗಿ ಅವಳ ಮಾತನ್ನು ಹೇಳಿದೆ.

"ಸಂಕಟ ಮ್ಹಣಜೇ ಕಾಯ್, ಸಿಸ್ಟರ್?" ಅಂದರು. ಮರಾಠಿಯಲ್ಲಿ ಸಂಕಟ ಅಂದರೆ ವಿಪತ್ತು, ಅಪಾಯ. ನಮ್ಮಲ್ಲಿ ಅದು ಹೊಟ್ಟೆಗೂ ಎದೆಗೂ ನಡುವೆ ಎಲ್ಲೋ ಹಿಂಡುವ, ತೊಳಸುವ, ಹೆಸರಿಲ್ಲದ ಕಸಿವಿಸಿ. ಇದು ಹೊಟ್ಟೆನೋವಲ್ಲ, ದವಡೆಯೂ ನೋಯುತ್ತಿದೆ ಎಂದೆ. ಗಂಟಲು ಒಣಗಿತ್ತು. "ಸರ್, ಒಂದು ಇಸಿಜಿ ತೆಗೆಯಲೇ?" ಅವರು ನನ್ನ ಮುಖ ನೋಡಿ "ತೆಗೆಯಿರಿ" ಅಂದರು. 2, 3, ಎವಿಎಫ್ ಲೀಡುಗಳಲ್ಲಿ ಗೆರೆ ಮೇಲೆದ್ದಿತ್ತು. ಹೃದಯದ ಕೆಳಗೋಡೆಗೆ ಆಘಾತ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಎದೆನೋವೇ ಇಲ್ಲದೆಯೂ ಇದು ಬರುವುದುಂಟು. ವಾಕರಿಕೆಯಾಗಿ, ಬೆವರಾಗಿ, ಗದ್ದದ ನೋವಾಗಿ. ಆರು ದಿನಕ್ಕೆ ಅವಳು ನಡೆದುಕೊಂಡು ಮನೆಗೆ ಹೋದಳು. ಹೋಗುವಾಗ ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. ಆ ಡಾಕ್ಟರು ಆಮೇಲೆ ಕನ್ನಡದ ರೋಗಿ ಬಂದಾಗಲೆಲ್ಲ ನನ್ನನ್ನು ಹುಡುಕಿ ಕರೆಸುತ್ತಿದ್ದರು.

ಈಗ ನಾನೇ ಟೀಚರ್. 2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳನ್ನು ಪುಣೆಯ ನಾಯ್ಡು ಆಸ್ಪತ್ರೆಗೆ ಸೇರಿಸಿದ ಮೇಲೆ ನನ್ನ ವಿದ್ಯಾರ್ಥಿನಿಯರು ಕಂಡದ್ದನ್ನು ನಾವು ಆ ವಯಸ್ಸಿನಲ್ಲಿ ಕಂಡಿರಲಿಲ್ಲ. ಪಿಪಿಇಯೊಳಗೆ ಮುಖವೇ ಕಾಣದು. ಎದೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಂಡು ರೋಗಿಯ ಮನೆಯವರಿಗೆ ವಿಡಿಯೊ ಕಾಲ್ ಹಚ್ಚಿಕೊಡುತ್ತಿದ್ದರು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಮೊದಲ ತರಗತಿಯಲ್ಲಿ ನಾನು ಆ ಓರೆ ಅಕ್ಷರದ ರಿಜಿಸ್ಟರಿನ ಕಥೆಯನ್ನು ಹೇಳುತ್ತೇನೆ, ನನ್ನದೇ ತಪ್ಪೆಂದು ಹೇಳಿಯೇ. ಒಂದು ಕೆಂಪು ಕ್ಯಾಪಿನ, ಒಂದು ಕೇಸರಿ ಕ್ಯಾಪಿನ ಸಿರಿಂಜು ಎಲ್ಲರ ಕೈಗೂ ದಾಟಿಸುತ್ತೇನೆ. ಕಳೆದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಅಕ್ಕಲಕೋಟೆಯ ಹುಡುಗಿಯೊಬ್ಬಳು ನಸುಕಿನಲ್ಲಿ ಫೋನ್ ಮಾಡಿದಳು. ಆಪರೇಷನ್ ಆದ ರೋಗಿಯ ಮೂತ್ರದ ಪ್ರಮಾಣ ನಾಲ್ಕು ತಾಸಿನಿಂದ ಕಡಿಮೆಯಾಗುತ್ತಲೇ ಇತ್ತಂತೆ, ಬಿಪಿ ಸರಿಯಾಗಿಯೇ ಇತ್ತಂತೆ. ಎಬ್ಬಿಸಿದ್ದಕ್ಕೆ ಡಾಕ್ಟರು ಮೊದಲ ಸಲ ಬೈದು ಫೋನ್ ಇಟ್ಟರಂತೆ. "ಆಮೇಲೇನು ಮಾಡಿದಿ?" ಎಂದು ಕೇಳಿದೆ.

"ಮತ್ತ ಹಚ್ಚಿದೆರಿ ಮ್ಯಾಡಂ. ಬಂದು ನೋಡಾಕತ್ತಾರ. ನೋಟ್ಸಿನ್ಯಾಗ ಎರಡೂ ಟೈಮ್ ಬರದೇನಿ, 2.40 ಮತ್ತ 2.55."