ತಾತನ ಕಣ್ಣಿಗೆ 34 ಸ್ಟೆಪ್: ಮನೆಯಲ್ಲೇ ಮಾಡಿದ ಮೋಟಾರ್ ಫೋಕಸರ್

ನಮ್ಮ ಮನೆ ಇರೋದು ಮಂಡ್ಯದ ವಿ.ಸಿ. ಫಾರಂ ಹತ್ತಿರ. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕಾಲುವೆ, ಹಳೇ ಹೆಸರು ಇರ್ವಿನ್ ಕಾಲುವೆ. ಸುತ್ತ ಭತ್ತ, ಕಬ್ಬು. ಬೀದಿದೀಪ ಕಮ್ಮಿ, ಹಾಗಾಗಿ ಆಕಾಶ ಚೆನ್ನಾಗಿ ಕಾಣುತ್ತೆ. ಮನೆಯಲ್ಲಿ ಒಂದು ಸಣ್ಣ ಟೆಲಿಸ್ಕೋಪ್ ಇದೆ. ಕನ್ನಡಿಯ ವ್ಯಾಸ 114 ಮಿ.ಮೀ., ಫೋಕಲ್ ದೂರ 900 ಮಿ.ಮೀ. 10 ಮಿ.ಮೀ. ಐಪೀಸ್ ಹಾಕಿದರೆ 90 ಪಟ್ಟು ದೊಡ್ಡದಾಗಿ ತೋರಿಸುತ್ತೆ.

ತೊಂದರೆ ಇದ್ದದ್ದು ಫೋಕಸ್ ಮಾಡೋದರಲ್ಲಿ. 90 ಪಟ್ಟಿನಲ್ಲಿ ನಾಬ್ ಮುಟ್ಟಿದರೆ ಸಾಕು, ಗುರುಗ್ರಹ ಎರಡು ಮೂರು ಸೆಕೆಂಡು ಕುಣಿಯುತ್ತೆ. ನಮ್ಮ ತಾತನಿಗೆ ಕೈ ನಡುಕ ಬೇರೆ. ಅವರು ನಾಬ್ ಹಿಡಿದರೆ ಗ್ರಹವೇ ಕಾಣೆ. ನಾವು ಫೋಕಸ್ ಮಾಡಿಕೊಟ್ಟರೆ ನಮ್ಮ ಕಣ್ಣಿಗೆ ಸರಿ, ಅವರ ಕಣ್ಣಿಗೆ ಅಲ್ಲ. "ಎಲ್ಲಾ ಮಂಜು ಮಂಜು ಕಣ್ಲಾ" ಅಂತ ಎದ್ದುಬಿಡೋರು. ಅವರೇ ಫೋಕಸ್ ಮಾಡಿಕೊಳ್ಳೋ ಹಾಗೆ ಒಂದು ಮೋಟಾರ್ ಹಾಕೋಣ ಅಂತ ಮನೆಮಂದಿ ಎಲ್ಲ ಸೇರಿ ಹೊರಟೆವು.

ಮೋಟಾರಿನಿಂದ ಫೋಕಸ್ ಮಾಡೋದು ಹೊಸದೇನಲ್ಲ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅಷ್ಟು ದೂರದಿಂದ ಯಾರೂ ಕೈಯಲ್ಲಿ ನಾಬ್ ತಿರುಗಿಸೋಕೆ ಆಗಲ್ಲವಲ್ಲ!

ಎಷ್ಟು ನಿಖರತೆ ಬೇಕು?

ಮೋಟಾರ್ ಕೊಳ್ಳೋ ಮುಂಚೆ ಈ ಲೆಕ್ಕ ಮಾಡಿ. ಫೋಕಸ್ ಒಂದು ಬಿಂದು ಅಲ್ಲ, ಅದಕ್ಕೆ ಒಂದು ಸಣ್ಣ ವಲಯ ಇದೆ. ಅದರ ಒಟ್ಟು ಅಗಲ ಸುಮಾರು 4 × ಬೆಳಕಿನ ತರಂಗಾಂತರ × ಎಫ್-ಸಂಖ್ಯೆಯ ವರ್ಗ. ನಮ್ಮ ಎಫ್-ಸಂಖ್ಯೆ 900 ÷ 114 = 7.9. ಹಸಿರು ಬೆಳಕಿನ ತರಂಗಾಂತರ 0.00055 ಮಿ.ಮೀ. ಅಂತ ಹಿಡಿದರೆ ಉತ್ತರ ಸುಮಾರು 0.14 ಮಿ.ಮೀ. ಅಂದರೆ ಆ ಕಡೆ ಈ ಕಡೆ 0.07 ಮಿ.ಮೀ., ಹೆಚ್ಚುಕಮ್ಮಿ ಒಂದು ತಲೆಗೂದಲಿನ ದಪ್ಪ.

ಇನ್ನು ಕಣ್ಣಿನ ವಿಷಯ. ಐಪೀಸ್‌ನ ಫೋಕಲ್ ದೂರದ ವರ್ಗವನ್ನು 1000ದಿಂದ ಭಾಗಿಸಿ. ಕಣ್ಣಿನ ಪವರ್‌ನಲ್ಲಿ ಒಂದು ಡಯಾಪ್ಟರ್ ವ್ಯತ್ಯಾಸಕ್ಕೆ ಐಪೀಸ್ ಎಷ್ಟು ಮಿ.ಮೀ. ಸರಿಯಬೇಕು ಅಂತ ಸಿಗುತ್ತೆ. ನಮ್ಮ ಐಪೀಸ್‌ಗೆ 100 ÷ 1000 = 0.1 ಮಿ.ಮೀ. ಕನ್ನಡಕ ತೆಗೆದರೆ ನನಗೂ ತಾತನಿಗೂ 3 ಡಯಾಪ್ಟರ್ ವ್ಯತ್ಯಾಸ. ಅಂದರೆ 0.3 ಮಿ.ಮೀ. ಅವರಿಗೆ ಮಂಜಾಗಿ ಕಂಡದ್ದು ಸುಳ್ಳಲ್ಲ.

ಮೋಟಾರ್ ಸಾಕಾಗುತ್ತಾ?

ನಾವು ತಂದದ್ದು ಎಲ್ಲರೂ ಲ್ಯಾಬಲ್ಲಿ ನೋಡಿರೋ 28ಬಿವೈಜೆ-48 ಸ್ಟೆಪ್ಪರ್, ಅದರ ಯುಎಲ್‌ಎನ್2003 ಡ್ರೈವರ್, ಒಂದು ಆರ್ಡುಯಿನೋ ನ್ಯಾನೋ, ಎರಡು ಬಟನ್. ಈ ಮೋಟಾರಿನ ಒಳಗೇ ಗೇರ್ ಇರೋದರಿಂದ ಹೊರಗಿನ ಶಾಫ್ಟ್ ಒಂದು ಸುತ್ತಿಗೆ 2048 ಸ್ಟೆಪ್ ತಗೊಳ್ಳುತ್ತೆ. ನಮ್ಮ ನಾಬ್ ಒಂದು ಸುತ್ತು ತಿರುಗಿದರೆ ಐಪೀಸ್ ಕೊಳವೆ 18 ಮಿ.ಮೀ. ಸರಿಯುತ್ತೆ (ಸ್ಕೇಲ್ ಇಟ್ಟು ಅಳೆದೆವು). ಒಂದು ಸ್ಟೆಪ್‌ಗೆ 18 ÷ 2048 = 0.0088 ಮಿ.ಮೀ. ಧಾರಾಳವಾಗಿ ಸಾಕು. ತಾತನ 0.3 ಮಿ.ಮೀ. ಅಂದರೆ 34 ಸ್ಟೆಪ್. ಒಂದು ಸಲ ಬಟನ್ ಒತ್ತಿದರೆ 8 ಸ್ಟೆಪ್, ಅಂದರೆ 0.07 ಮಿ.ಮೀ. ಹೋಗೋ ಹಾಗೆ ತಂಗಿ ಕೋಡ್ ಬರೆದಳು.

ಮೋಟಾರ್ ಶಾಫ್ಟನ್ನೂ ನಾಬ್ ಶಾಫ್ಟನ್ನೂ ಮೊದಲು ಗಟ್ಟಿ ಕೊಳವೆಯಿಂದ ಜೋಡಿಸಿದೆ. ಎರಡೂ ಒಂದೇ ನೇರಕ್ಕೆ ಇರಲಿಲ್ಲ, ಮೋಟಾರ್ ಮುಕ್ಕಿ ನಿಂತಿತು. ಅಪ್ಪ ಔಷಧಿ ಹೊಡೆಯೋ ಪಂಪಿನ ಹಳೇ ಪೈಪಿನ ತುಂಡು ಹಾಕಿ ಎರಡೂ ಕಡೆ ಕ್ಲಿಪ್ ಬಿಗಿದರು. ಸರಾಗವಾಗಿ ತಿರುಗಿತು.

ಹಾಗಾದರೆ ಯಾಕೆ ಕೆಲಸ ಮಾಡಲಿಲ್ಲ?

ಆ ರಾತ್ರಿ ನಾನು ನನ್ನ ಕಣ್ಣಿಗೆ ಫೋಕಸ್ ಮಾಡಿ ತಾತನನ್ನು ಕೂರಿಸಿದೆ. ಹೊರಗಿನ ಬಟನ್ ನಾಕು ಸಲ ಒತ್ತಿದರು. ಏನೂ ಬದಲಾಗಲಿಲ್ಲ. "ನಿನ್ ಮಿಷನ್ನು ನಿನಗೇ ಇರ್ಲಿ" ಅಂತ ಒಳಗೆ ಹೋದರು.

ಕಾರಣ ಹೊಳೆದದ್ದು ಅಮ್ಮನಿಗೆ. "ಹೊಲಿಗೆ ಮಿಷನ್ ಚಕ್ರ ಹಿಂದಕ್ಕೆ ತಿರುಗಿಸಿದ್ರೆ ಮೊದಲು ಸ್ವಲ್ಪ ಖಾಲಿ ತಿರುಗುತ್ತೆ, ಆಮೇಲೆ ಸೂಜಿ ಅಲ್ಲಾಡುತ್ತೆ. ಇದೂ ಹಂಗೇ ಇರ್ಬೇಕು ನೋಡು."

ನಾವು ಕ್ಲಾಸಲ್ಲಿ ಓದೋ ಬ್ಯಾಕ್‌ಲ್ಯಾಶ್ ಅಂದರೆ ಇದೇ. ಕೊಳವೆಗೆ ಒಂದು ಕಾಗದದ ಮುಳ್ಳು ಅಂಟಿಸಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದೆವು. ದಿಕ್ಕು ಬದಲಾದಾಗ ಮೊದಲ 60 ಸ್ಟೆಪ್ ಖಾಲಿ ಹೋಗ್ತಿತ್ತು: ಗೇರಿನ ಸಡಿಲ ಸ್ವಲ್ಪ, ಅಪ್ಪನ ಪೈಪ್ ತಿರುಚಿಕೊಳ್ಳೋದು ಸ್ವಲ್ಪ. ತಾತನಿಗೆ ಬೇಕಿದ್ದದ್ದು 34. ನಾಕು ಸಲ ಒತ್ತಿದರೆ 32. ಎಲ್ಲಾ ಆ 60ರೊಳಗೇ ಮುಳುಗಿತ್ತು.

ಸಡಿಲ ತೆಗೆಯೋಕೆ ದುಬಾರಿ ಕಪ್ಲಿಂಗ್ ಬೇಕಿಲ್ಲ. ಕೊನೆಯ ಚಲನೆ ಯಾವಾಗಲೂ ಒಂದೇ ದಿಕ್ಕಿನಲ್ಲಿ ಇದ್ದರೆ ಸಾಕು. ನಾವು ಒಳಮುಖ ಅಂತ ಇಟ್ಟುಕೊಂಡೆವು. ಒಳಗಿನ ಬಟನ್‌ಗೆ ನೇರ 8 ಸ್ಟೆಪ್. ಹೊರಗಿನ ಬಟನ್ ಒತ್ತಿದರೆ ಮೋಟಾರ್ 108 ಸ್ಟೆಪ್ ಹೊರಗೆ ಹೋಗುತ್ತೆ: 60 ಖಾಲಿ, ಕೊಳವೆ ಸರಿಯೋದು 48. ತಕ್ಷಣ 100 ಸ್ಟೆಪ್ ಒಳಗೆ ಬರುತ್ತೆ: 60 ಖಾಲಿ, ಕೊಳವೆ ಸರಿಯೋದು 40. ಉಳಿದದ್ದು ಹೊರಮುಖ 8. ಇದಕ್ಕೆಲ್ಲ ಒಂದು ಸೆಕೆಂಡೂ ಬೇಡ.

ನೀವು ಮಾಡೋದಾದರೆ

ಪವರ್ ಬ್ಯಾಂಕ್ ನಂಬಬೇಡಿ. ಮೋಟಾರ್ ನಿಂತಾಗ ಕಾಯಿಲ್‌ಗೆ ಕರೆಂಟ್ ಕಟ್ ಮಾಡಿದರೆ, ಬಳಕೆ ತೀರಾ ಕಮ್ಮಿಯಾಗಿ ಎಷ್ಟೋ ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ. ನಾವು 1.2 ವೋಲ್ಟಿನ ನಾಕು ರೀಚಾರ್ಜೆಬಲ್ ಸೆಲ್ ಹಾಕಿದೆವು. ಕರೆಂಟ್ ಕಟ್ ಮಾಡಿದರೂ ಒಳಗಿನ ಗೇರ್‌ನಿಂದಾಗಿ ಐಪೀಸ್ ಜಾರಲಿಲ್ಲ. ನಿಮ್ಮ ಫೋಕಸರ್‌ನ 18 ಮಿ.ಮೀ. ಎಷ್ಟು, 60 ಸ್ಟೆಪ್ ಎಷ್ಟು ಅನ್ನೋದನ್ನ ನೀವೇ ಅಳೆಯಬೇಕು. ನಮ್ಮದು ನಿಮಗೆ ಹೊಂದಲ್ಲ.

ಮಾರನೇ ರಾತ್ರಿ ತಾತನನ್ನು ಮತ್ತೆ ಕರೆತರೋಕೆ ಅಮ್ಮನೇ ಹೋಗಬೇಕಾಯಿತು. ಬಟನ್ ಇದ್ದ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡರು. ಕೈ ನಡುಗುತ್ತಲೇ ಇತ್ತು. ಆದರೆ ಆ ನಡುಕ ತಂತಿ ದಾಟಿ ಟೆಲಿಸ್ಕೋಪಿಗೆ ಹೋಗಲಿಲ್ಲ. ಒಂದು, ಎರಡು, ಮೂರು, ನಾಕು.

"ತಡಿ, ತಡಿ... ಬಂತು ಕಣ್ಲಾ. ಪಕ್ಕದಲ್ಲಿ ನಾಕು ಚುಕ್ಕಿ ಸಾಲಾಗಿ ಅವೆ, ಏನ್ಲಾ ಅವು?"

ಗುರುಗ್ರಹದ ಚಂದ್ರರು ಅಂದೆ. ಆಮೇಲೆ ಅರ್ಧ ಗಂಟೆ ನಮಗ್ಯಾರಿಗೂ ಐಪೀಸ್ ಸಿಗಲಿಲ್ಲ.