ದಫ್ತರ ಚೀಲದಾಗೇ ಇರಲಿ

ತೆಲಂಗಾಣದ ದಾಮರಗಿದ್ದದ ಕಡೆ ಯಾರೋ ನಮ್ಮ ಕ್ರೈಸ್ತ ಸಭೆ ಬಿಟ್ಟರೆಂದು ಸುದ್ದಿ ಬಂದರೆ ನಾನೀಗ ಮೊದಲು ಕೇಳುವುದು, ಯಾವ ತಿಂಗಳಲ್ಲಿ ಬಿಟ್ಟರು ಎಂದು. ದೀಪಾವಳಿ ಆಸುಪಾಸಿನಲ್ಲಿ ಅಂದರೆ ಗಾಬರಿಯಾಗುವುದಿಲ್ಲ, ಊರೇ ಬಿಟ್ಟಿರುತ್ತಾರೆ. ಮಳೆಗಾಲದ ಕೆಲಸ ತೀರುತ್ತಲೇ ಮೇಸ್ತ್ರಿಯಿಂದ ಮುಂಗಡ ಹಿಡಿದು ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗುವುದು ಈ ಸೀಮೆಯ ಹಳೆಯ ರೂಢಿ. ಅಣೆಕಟ್ಟು, ಕಾಲುವೆ, ಕಟ್ಟಡದ ಕೆಲಸದಲ್ಲಿ ‘ಪಾಲಮೂರು ಲೇಬರ್’ ಎಂದರೆ ಎಲ್ಲರಿಗೂ ಗೊತ್ತು. 2019ರಲ್ಲಿ ಪಾಲಮೂರು, ಅಂದರೆ ಮಹಬೂಬನಗರದಿಂದ ಒಡೆದು ನಮ್ಮ ನಾರಾಯಣಪೇಟೆ ಬೇರೆ ಜಿಲ್ಲೆಯಾಯಿತು, ಆದರೆ ಗುಳೆ ಹೋದವರಿಗೆ ಆ ಹಳೆಯ ಹೆಸರೇ ಅಂಟಿಕೊಂಡಿದೆ.

ಹೋದವರು ತಿರುಗಿ ಬರುವುದು ಯುಗಾದಿ ಹೊತ್ತಿಗೆ. ಹಾಗಾಗಿ ನಮ್ಮ ಕ್ರಿಸ್‌ಮಸ್ ಬೀಳುವುದು ಊರು ಖಾಲಿ ಇರುವಾಗ. ಡಿಸೆಂಬರ್ 25ರಂದು ಆರಾಧನೆಗೆ ಕೂತವರು ಮುದುಕರು, ಮೊಮ್ಮಕ್ಕಳು. ದುಡಿಯುವ ವಯಸ್ಸಿನವರು ಎಲ್ಲೋ ಸೆಂಟ್ರಿಂಗ್ ಕಟ್ಟುತ್ತಿರುತ್ತಾರೆ. ಮುಂಗಡ ತೀರದೆ ಮೇಸ್ತ್ರಿ ಬಿಡುವುದಿಲ್ಲ.

ನಾನು ಗದಗ-ಬೆಟಗೇರಿಯವನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಮುಂದೆ ನಮ್ಮ ಬಯಲುಸೀಮೆಗೂ ಹಬ್ಬಿತಲ್ಲ, ಆ ಪರಂಪರೆಯ ಮನೆತನ. ನಮ್ಮಲ್ಲಿ ದಫ್ತರಕ್ಕೆ ಬಹಳ ಗೌರವ. ಹುಟ್ಟು, ದೀಕ್ಷಾಸ್ನಾನ, ಮದುವೆ, ಮಣ್ಣು, ಎಲ್ಲಕ್ಕೂ ಅದರದರ ಹಾಳೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಹಿಡಿದು ಕೂಡಿಹಾಕಿದಾಗ ಸಭೆ ಚದುರದೆ ಉಳಿದದ್ದು ದಫ್ತರದಿಂದ ಎಂದು ನಮ್ಮಜ್ಜ ಹೇಳುತ್ತಿದ್ದರು. ನನಗೆ ಈ ಕಡೆ ಸೇವೆಗೆ ನೇಮಕವಾದಾಗ ಅವ್ವ ಓಣಿಯಲ್ಲೆಲ್ಲ ‘ಮಗಾ ಪರದೇಶಕ್ಕ ಮಿಶನರಿ ಆಗಿ ಹೊಂಟಾನ’ ಎಂದು ಸಾರಿದ್ದಳು. ಪರದೇಶವೇನು ಬಂತು! 1956ರ ತನಕ ಗದ್ವಾಲ, ಆಲಂಪುರ ಇದ್ದದ್ದು ರಾಯಚೂರು ಜಿಲ್ಲೆಯಲ್ಲಿ. ಕೊಡಂಗಲ್, ತಾಂಡೂರು ಗುಲ್ಬರ್ಗದಲ್ಲಿ. ದಾಮರಗಿದ್ದದಿಂದ ಪಡುವಲಿಗೆ ಹೊರಟರೆ ಸ್ವಲ್ಪದರಲ್ಲೇ ಗುರುಮಠಕಲ್ ಸೀಮೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಹಳೆಯ ಕಾಗದಪತ್ರದಲ್ಲಿ ಉರ್ದು.

ಗಡಿ ಕಾಡಿದ್ದು ಬೇರೆ ತರ. ಯಾದಗಿರಿ ಕಡೆ ಕೆಲಸ ಮಾಡಿದವರು ಅಮೆರಿಕದ ಮೆಥಡಿಸ್ಟರು. ಅವರ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಇವತ್ತಿಗೂ ಹಳಬರ ಬಾಯಲ್ಲಿದೆ. ಮೂಡಲಿಗೆ ಮೆನ್ನೊನೈಟ್ ಬ್ರದರನ್ ಮಿಶನ್. 1899ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಬಂದ ಅವರು 1937ರಲ್ಲಿ ಬ್ಯಾಪ್ಟಿಸ್ಟರಿಂದ ಮಹಬೂಬನಗರ, ಗದ್ವಾಲ ಕ್ಷೇತ್ರಗಳನ್ನು ವಹಿಸಿಕೊಂಡರು. ಮಿಶನ್‌ಗಳು ಸೀಮೆ ಹಂಚಿಕೊಂಡವು, ಬೀಗರು ಹಂಚಿಕೊಳ್ಳಲಿಲ್ಲ. ಗುರುಮಠಕಲ್ ಕಡೆಯ ಹುಡುಗಿ ಈ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದರೆ ತವರಿನ ಸಭೆಯಲ್ಲಿ ‘ಹೋದಳು’ ಎಂದು ಗೆರೆ ಎಳೆಯುತ್ತಾರೆ, ಇಲ್ಲಿ ‘ಬಂದಳು’ ಎಂದು ಬರೆಯುವವರೇ ಇರುವುದಿಲ್ಲ. ಕಳೆದುಹೋದ ಗಂಡಸರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ಕಂಡಂತೆ ಹೆಚ್ಚು ಕಳೆದುಹೋದವರು ಹೀಗೆ ಕೊಟ್ಟ ಹೆಣ್ಣುಮಕ್ಕಳು.

ಮನೆ ಮನೆ ತಿರುಗುವ ಕೆಲಸ ಕಲಿಸಿದವರು ನಮ್ಮ ಸಭೆಯ ಹಿರಿಯಮ್ಮ ಒಬ್ಬರು. ಓದು ಬಾರದು, ಆದರೆ ಯಾವ ಮನೆಯ ಸೊಸೆ ಯಾವ ಊರವಳು ಎಂದು ಮೂರು ತಲೆಮಾರು ಹೇಳಬಲ್ಲರು. ಮೊದಲ ದಿನ ಹೊರಡುವಾಗಲೇ ತಡೆದರು. ‘ಅಯ್ಯನೋರೆ, ಆ ದಫ್ತರ ಚೀಲದಾಗೇ ಇರಲಿ. ಅದನ್ನ ಕೈಯಾಗ ಹಿಡಕೊಂಡು ಬಂದ್ರ ಮಂದಿ ಬಾಗಲಾ ಹಾಕ್ಕೋತಾರ.’

ಬಾಗಿಲು ಹಾಕಿಕೊಳ್ಳಲು ಕಾರಣವಿದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಧರ್ಮಕ್ಕೆ ಕಟ್ಟಿಹಾಕಿತು. ಹಿಂದೂಗಳ ಜೊತೆಗೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಹೊರಗೇ ಉಳಿದರು. ತೆಲಂಗಾಣದಲ್ಲಿ ಕ್ರೈಸ್ತನಾದ ದಲಿತ ಬಿ.ಸಿ. ‘ಸಿ’ ಗುಂಪಿಗೆ ಬೀಳುತ್ತಾನೆ, ಅದರ ಪಾಲು ಶೇಕಡಾ 1. ಮಗನ ಹಾಸ್ಟೆಲ್, ಮಗಳ ಸ್ಕಾಲರ್‌ಶಿಪ್ ಎಲ್ಲಾ ಜಾತಿ ಸರ್ಟಿಫಿಕೇಟಿನ ಮೇಲೆ ನಿಂತಿರುವ ಮನೆಗೆ ದಪ್ಪ ರಟ್ಟಿನ ದಫ್ತರ ಹಿಡಿದು ಹೋಗಿ ಹೆಸರು ಕೇಳುವವನು ಪಾದ್ರಿಯಾದರೇನು, ತಹಸೀಲ್ದಾರನ ಆಳಿನಂತೆಯೇ ಕಾಣುತ್ತಾನೆ. ದೀಕ್ಷಾಸ್ನಾನದಲ್ಲಿ ಶಾಂತಮ್ಮ, ರೇಷನ್ ಕಾರ್ಡಿನಲ್ಲಿ ಎಲ್ಲಮ್ಮ. ಎರಡೂ ಅವಳೇ. ಇದನ್ನು ಕಪಟ ಎನ್ನುವ ಬೋಧಕರಿದ್ದಾರೆ. ಹೊಟ್ಟೆ ತುಂಬಿದವರ ಮಾತು ಅದು.

ಹಾಗಾದರೆ ಹುಡುಕುವುದು ಹೇಗೆ? ನನಗೆ ಒದಗಿ ಬಂದ ಪುಸ್ತಕ ಬೇರೆಯದೇ, ಮೇಸ್ತ್ರಿಯ ವಹಿ. ಮೂಲೆ ಮಡಚಿ ಎಣ್ಣೆ ಹತ್ತಿದ ಉದ್ದನೆಯ ನೋಟ್‌ಬುಕ್ಕು. ಗಂಡ-ಹೆಂಡಿರನ್ನು ಸೇರಿಸಿ ಒಂದು ಜೋಡಿ ಎಂದು ಹೆಸರು, ಎದುರಿಗೆ ಮುಂಗಡ, ಕೆಳಗೆ ಹೆಬ್ಬೆಟ್ಟು, ಅಂಚಿನಲ್ಲಿ ಪೆನ್ಸಿಲಿನಿಂದ ಸೈಟಿನ ಹೆಸರು, ಮೊಬೈಲ್ ನಂಬರು. ಆ ಮೇಸ್ತ್ರಿ ನಮ್ಮ ಸಭೆಯವನಲ್ಲ. ಆದರೂ ಯಾರು ಐತವಾರ ಶೇಂದಿ ಮುಟ್ಟುವುದಿಲ್ಲ, ಯಾರು ಉಣ್ಣುವ ಮೊದಲು ಕಣ್ಣು ಮುಚ್ಚುತ್ತಾರೆ ಎಂದು ಬೆರಳಿಟ್ಟು ತೋರಿಸಿದ. ‘ಇವ್ರು ನಿಮ್ಮೋರೇ ಇರಬೇಕು ನೋಡ್ರಿ’ ಅಂದ. ನಾವು ಬಿಟ್ಟುಹೋದವರ ಸಾಲಿಗೆ ಸೇರಿಸಿದ ಹೆಸರುಗಳಿದ್ದವು ಅಲ್ಲಿ.

ಅವರಲ್ಲೊಬ್ಬನನ್ನು ಕಾಣಲು ಪುಣೆಗೆ ಹೋದೆ. ತಗಡಿನ ಶೆಡ್ಡು, ಒಲೆಯ ಮೇಲೆ ಪುಂಡಿಪಲ್ಯ. ನಾನು ಬಂದದ್ದು ಕಂಡು ಅವನು ಎದ್ದು ಶೆಡ್ಡಿನ ಹಿಂದಕ್ಕೆ ಹೋಗಿಬಿಟ್ಟ. ಹೆಂಡತಿ ತಲೆ ತಗ್ಗಿಸಿ ಹೇಳಿದಳು: ಸುಗ್ಗಿ ಹಬ್ಬಕ್ಕೆ ಕೊಡುತ್ತೇವೆಂದು ಸಭೆಯಲ್ಲಿ ನಿಂತು ಒಪ್ಪಿಕೊಂಡ ಕಾಣಿಕೆ ಕೊಟ್ಟಿರಲಿಲ್ಲ, ಮೋರೆ ತೋರಿಸಲು ಆಗಿರಲಿಲ್ಲ. ನಾನು ಆ ಮಾತು ಮುಂದುವರಿಸಲಿಲ್ಲ. ಊರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಅವನ ಅವ್ವ ಆ ಕಡೆಯಿಂದ ‘ಉಂಡೇನೋ ನಮ್ಮಪ್ಪಾ’ ಎಂದಳು. ಹಿಂದಿನಿಂದ ಬಂದು ಕೂತ. ಆಮೇಲೆ ಅಕ್ಕಪಕ್ಕದ ಶೆಡ್ಡಿನವರೂ ಬಂದರು. ತೆಲುಗು ಹಾಡು, ಕನ್ನಡ ಪ್ರಾರ್ಥನೆ, ಊಟ. ನಾನು ಪ್ರಸಂಗ ಮಾಡಲಿಲ್ಲ. ಬೆಳಿಗ್ಗೆ ಸ್ಲ್ಯಾಬ್ ಹಾಕುವವರಿಗೆ ರಾತ್ರಿ ಪ್ರಸಂಗ ಶಿಕ್ಷೆ.

‘ಯಾಕೆ ಬರಲಿಲ್ಲ’ ಎಂಬ ಮಾತನ್ನು ಅಂದಿನಿಂದ ಬಿಟ್ಟಿದ್ದೇನೆ. ಕೇಳಿದರೆ ಉತ್ತರ ಬರುತ್ತದೆ, ಮನುಷ್ಯ ಬರುವುದಿಲ್ಲ. ಬೇರೆ ಸಭೆ ಸೇರಿ ನೆಮ್ಮದಿಯಾಗಿರುವವರನ್ನು ಕರೆಯಲೂ ಹೋಗುವುದಿಲ್ಲ. ಇನ್ನು ಕೆಲವರು ತಾವಾಗಿಯೇ ಸಿಗುತ್ತಾರೆ, ನವೆಂಬರಿನಲ್ಲಿ ವಿಕಾರಾಬಾದ್ ಜಿಲ್ಲೆಯ ಧಾರೂರಿನಲ್ಲಿ ನಡೆಯುವ ಮೆಥಡಿಸ್ಟರ ಜಾತ್ರೆಯಲ್ಲಿ. ತೆಲಂಗಾಣ, ಕರ್ನಾಟಕ ಎರಡೂ ಕಡೆಯಿಂದ ಜನ ಗುಡಾರ ಹಾಕಿ ಇಳಿಯುತ್ತಾರೆ. ನಮ್ಮೂರ ಆರಾಧನೆಗೆ ಕಾಲಿಡದವನು ಅಲ್ಲಿ ಹರಕೆ ತೀರಿಸುತ್ತಿರುತ್ತಾನೆ. ಜಾತ್ರೆಗೆ ಮೂಗು ಮುರಿಯುವ ಓದಿದ ಬೋಧಕರು ಒಮ್ಮೆ ಅಲ್ಲಿ ಹೋಗಿ ಸುಮ್ಮನೆ ಅಡ್ಡಾಡಬೇಕು.

ದೀಕ್ಷಾಸ್ನಾನ, ಪ್ರಭುಭೋಜನ, ಸುಗ್ಗಿ ಹಬ್ಬ ಮೂರನ್ನೂ ಯುಗಾದಿ ವಾರಕ್ಕೆ ತಂದೆವು. ಹಿಂದೂಗಳ ಹಬ್ಬದ ಹಿಂದೆ ಹೋಗುವುದೇ ಎಂದು ಹಿರಿಯರಿಬ್ಬರು ಮುನಿದರು. ಮುಂಬೈಯಿಂದ ಮಕ್ಕಳು ಬಂದಿಳಿದ ಮೇಲೆ ಒಬ್ಬರ ಮುನಿಸು ಇಳಿಯಿತು, ಇನ್ನೊಬ್ಬರದು ಇಳಿದಿಲ್ಲ.

ಈಗ ಹೊಸ ತಕರಾರು. ಮೂರು ವರ್ಷ ಆರಾಧನೆಗೆ ಬಾರದವರ ಹೆಸರು ತೆಗೆದುಹಾಕಬೇಕೆಂದು ಕಮಿಟಿಯಲ್ಲಿ ಕೆಲವರ ಪಟ್ಟು, ಜನವರಿಯಲ್ಲೇ ಸಭೆ ಕರೆದು ತೀರ್ಮಾನ ಮಾಡೋಣ ಎನ್ನುತ್ತಾರೆ. ನಾನು ಬೇಡವೆಂದಿಲ್ಲ. ಆ ಸಭೆಯನ್ನೂ ಯುಗಾದಿಗೆ ಇಡಿ, ಹೆಸರು ತೆಗೆಯಬೇಕಾದವರು ಅವತ್ತು ಎದುರಿಗೇ ಕೂತಿರುತ್ತಾರೆ ಎಂದು ಬರೆದುಕೊಟ್ಟಿದ್ದೇನೆ.