ಮನೆಯ ಹೊರಗೋಡೆಗೆ ಪ್ಲಗ್ ಪಾಯಿಂಟ್: ಮಾಡಬೇಕಾದ್ದು, ಮಾಡಬಾರದ್ದು

ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡಲು, ಕಾರು ತೊಳೆಯುವ ಪಂಪಿಗೆ, ದೀಪಾವಳಿಯ ಸೀರಿಯಲ್ ಸೆಟ್ಟಿಗೆ, ಮಲೆನಾಡಾದರೆ ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರಕ್ಕೆ ಹೊರಗೊಂದು ಪ್ಲಗ್ ಪಾಯಿಂಟ್ ಬೇಕು ಎನ್ನುವವರು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮುಂಚೆ ಇದನ್ನು ಓದಬೇಕು. ಸಿಂಗಲ್ ಫೇಸ್ ಸಂಪರ್ಕ, ಸ್ವಂತ ಮೀಟರ್ ಇರುವ ಮನೆಗಳಿಗೆ ಇದು ಅನ್ವಯ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಮೊದಲು ಪಡೆಯಿರಿ. ಮಿಕ್ಕದ್ದೆಲ್ಲ ಆಮೇಲಿನ ಮಾತು.

ಖರ್ಚು ಬೀಳುವುದು ಎಲ್ಲಿ

ಎಷ್ಟಾಗುತ್ತದೆ ಎಂದು ಕೇಳುವವರೆಲ್ಲ ಸಾಕೆಟ್ಟಿನ ಬೆಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ. ಲೆಕ್ಕದಲ್ಲಿ ಅದು ತೀರ ಸಣ್ಣ ಬಾಬ್ತು. ಹಾಲಿನ ಎಂಸಿಬಿ ಬಾಕ್ಸಿನಿಂದ ಪೋರ್ಟಿಕೋ ಗೋಡೆಗೆ 12 ಮೀಟರ್ ದಾರಿ ಇದೆ ಎಂದಿಟ್ಟುಕೊಳ್ಳಿ. ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಹೋಗಬೇಕಾದ್ದರಿಂದ ವೈರ್ 36 ಮೀಟರ್. ಎರಡೂ ತುದಿಯಲ್ಲಿ ಬಿಡುವ ಉದ್ದ ಸೇರಿಸಿದರೆ 40. ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ 40 ರೂಪಾಯಿ ಹಿಡಿದರೆ ಅಲ್ಲಿಗೇ 1,600 ಆಯಿತು. ಪೈಪು, ಬೆಂಡು, ಕ್ಲಾಂಪುಗಳಿಗೆ 500. ಮಳೆ ತಡೆಯುವ ಬಾಕ್ಸಿಗೆ 700. 16 ಆಂಪ್ ಸಾಕೆಟ್ಟು ಮತ್ತು ಸ್ವಿಚ್ಚು 350. ಎಂಸಿಬಿ 200. ಎಲೆಕ್ಟ್ರಿಷಿಯನ್ ಕೂಲಿ 1,200. ಶಾಕ್‌ನಿಂದ ಕಾಯುವ ಆರ್‌ಸಿಸಿಬಿ (ವಿವರ ಮುಂದಿದೆ) ಮನೆಯಲ್ಲಿ ಇಲ್ಲದಿದ್ದರೆ ಅದಕ್ಕೆ 2,000. ಒಟ್ಟು 6,550 ರೂಪಾಯಿ. ಕಣ್ಣಿಗೆ ಕಾಣುವ ಸಾಕೆಟ್ಟು, ಸ್ವಿಚ್ಚಿನ ಪಾಲು ಇದರಲ್ಲಿ ಇಪ್ಪತ್ತರಲ್ಲೊಂದರ ಆಸುಪಾಸು ಅಷ್ಟೆ.

ಇವು ಅಂದಾಜಿನ ದರಗಳು. ತಾಮ್ರದ ರೇಟು ಹತ್ತುತ್ತದೆ, ಇಳಿಯುತ್ತದೆ; ಕೂಲಿ ಬೆಂಗಳೂರಿನಲ್ಲಿ ಒಂದು, ಸಾಗರದಲ್ಲಿ ಇನ್ನೊಂದು. ಗೋಡೆ ಕೊರೆದು ಪೈಪ್ ಹುದುಗಿಸಿ ಎಂದರೆ ಗಾರೆಯವರ ಕೂಲಿಯೂ ಬಣ್ಣದ ಖರ್ಚೂ ಸೇರಿ ಇನ್ನೆರಡು ಸಾವಿರಕ್ಕೆ ಕಡಿಮೆಯಾಗದು. ಹೊರಗೋಡೆಯ ಮೇಲೆ ಪೈಪ್ ಕಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಆ ಎರಡು ಸಾವಿರವನ್ನು ಅರ್ತಿಂಗಿಗೆ ಹಾಕಿ.

ಮಾಡಬೇಕಾದ್ದು

ಮೊದಲು ಟೇಪು ಹಿಡಿದು ದಾರಿ ಅಳೆಯಿರಿ. ಹಣ ಉಳಿಸಲು ಇರುವ ನ್ಯಾಯವಾದ ಜಾಗ ಇದೊಂದೇ. ಹಾಲಿನ ಅಥವಾ ಅಡುಗೆಮನೆಯ 16 ಆಂಪ್ ಪವರ್ ಪಾಯಿಂಟ್ ಹೊರಗೋಡೆಯ ಮೇಲಿದ್ದರೆ, ಅದರ ಬೆನ್ನಿಗೇ ಗೋಡೆಯಲ್ಲಿ ತೂತು ಕೊರೆದು ಆಚೆ ಬದಿಗೆ ಸಾಕೆಟ್ ಕೂರಿಸಬಹುದು. ವೈರ್ ಒಂದು ಮೀಟರೂ ಬೇಡ, ಖರ್ಚು ಎರಡು ಸಾವಿರದ ಒಳಗೆ ಮುಗಿಯುತ್ತದೆ. ಆದರೆ ಒಳಗಿನ ಪಾಯಿಂಟಿಗೆ ಅರ್ತ್ ಇರಬೇಕು, ಅದರ ಲೈನ್ ಆರ್‌ಸಿಸಿಬಿಯನ್ನು ದಾಟಿಯೇ ಬಂದಿರಬೇಕು, ಮತ್ತು ಅದೇ ಲೈನಿನಲ್ಲಿ ಗೀಸರೋ ಓವನ್ನೋ ಇರಬಾರದು. ಲೈಟಿನ ಸರ್ಕ್ಯೂಟಿನಿಂದ ಎಳೆದು ಕೊಡುತ್ತೇನೆ ಎಂದವರನ್ನು ಬಾಗಿಲಿನಿಂದಲೇ ಕಳಿಸಿ.

ಸ್ಕೂಟರ್ ಚಾರ್ಜಿಂಗಿಗೆ, ಮೋಟರಿಗೆ ಪ್ರತ್ಯೇಕ ಲೈನೇ ಹಾಕಿಸಿ, ಅದಕ್ಕೆ ಅದರದೇ ಎಂಸಿಬಿ ಇರಲಿ. ಗೇಟಿನವರೆಗೆ 40 ಮೀಟರ್ ಹೋಗಬೇಕೆಂದರೆ ಎರಡೂವರೆ ಸ್ಕ್ವೇರಿನ ವೈರಿನಲ್ಲಿ, ಪೂರ್ತಿ 16 ಆಂಪ್ ಎಳೆದಾಗ, ಹನ್ನೊಂದು ವೋಲ್ಟಿನಷ್ಟು ದಾರಿಯಲ್ಲೇ ಕರಗಿಹೋಗುತ್ತದೆ. ಬೇಸಿಗೆಯ ಸಂಜೆ ಮೊದಲೇ ವೋಲ್ಟೇಜ್ ಸೊರಗಿರುವ ಊರುಗಳಲ್ಲಿ ಇದು ಸಣ್ಣ ನಷ್ಟವಲ್ಲ. ಅಂಥ ಕಡೆ 4 ಸ್ಕ್ವೇರ್ ಎಂಎಂ ಹಾಕಿಸಿ. ನೆಲದಡಿ ಹೋಗುವುದಾದರೆ ಆರ್ಮರ್ಡ್ ಕೇಬಲ್ಲೇ ಆಗಬೇಕು. ಎರಡೂವರೆ ಅಡಿ ಆಳ ತೋಡಿ, ಮರಳು ಹಾಸಿ, ಮೇಲೆ ಇಟ್ಟಿಗೆ ಮುಚ್ಚಬೇಕು. ನಾಳೆ ತೆಂಗಿನ ಬುಡ ಬಿಡಿಸುವವರ ಪಿಕಾಸಿ ಎಲ್ಲಿ ಬೀಳುತ್ತದೆಂದು ಯಾರೂ ಮೊದಲೇ ಹೇಳಲಾರರು. ಈ ಕೆಲಸದಲ್ಲಿ ಕೇಬಲ್ಲಿನಷ್ಟೇ ಖರ್ಚು ಅಗೆತಕ್ಕೂ ಬೀಳುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಆರ್‌ಸಿಸಿಬಿ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿ. ಈ ಸೂಚನೆಗಳಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಲಿ. ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಬಿದ್ದುಹೋಗುತ್ತದೆ ಎಂದು ಓದಿದವರೂ ನಂಬಿದ್ದಾರೆ. ಬೀಳುವುದಿಲ್ಲ. 16 ಆಂಪ್ ಎಂಸಿಬಿಯ ಲೆಕ್ಕ ಹದಿನಾರು ಸಾವಿರ ಮಿಲಿಆಂಪ್. ಮನುಷ್ಯನ ಎದೆ ಬಡಿತ ತಪ್ಪಿಸಲು ಹತ್ತಾರು ಮಿಲಿಆಂಪ್ ಸಾಕು. ಅಷ್ಟು ಕರೆಂಟು ನಿಮ್ಮ ಮೈಯಲ್ಲಿ ಹರಿದು ನೆಲಕ್ಕಿಳಿಯುತ್ತಿದ್ದರೆ ಎಂಸಿಬಿಗೆ ಅದೊಂದು ಸಣ್ಣ ಬಲ್ಬು ಉರಿದಂತೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ: ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ, 30 ಮಿಲಿಆಂಪ್ ವ್ಯತ್ಯಾಸ ಬಂದರೆ ಸೆಕೆಂಡಿನ ಸಣ್ಣ ಪಾಲಿನಲ್ಲಿ ಲೈನ್ ಕಡಿಯುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕಾರು ತೊಳೆಯುವವರಿಗೆ ಇದಕ್ಕಿಂತ ಬೇರೆ ರಕ್ಷಣೆ ಇಲ್ಲ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ಲು ಹಿಡಿದವರನ್ನು ಮಾತ್ರ ಇದೂ ಉಳಿಸದು.

ಕೊಳ್ಳುವಾಗ ಅದರ ಮೈಮೇಲೆ ಅಚ್ಚಾಗಿರುವುದನ್ನು ಓದಿ. 0.03ಎ ಅಥವಾ 30 ಎಂಎ ಎಂದು ಇರಬೇಕು. 100, 300 ಎಂದಿರುವವೂ ಅಂಗಡಿಯಲ್ಲಿ ಸಿಗುತ್ತವೆ. ಅವು ಬೆಂಕಿ ತಡೆಯಲು, ಪ್ರಾಣ ಉಳಿಸಲು ಅಲ್ಲ. ಎಂಸಿಬಿಯನ್ನೂ ಒಳಗೊಂಡ ಆರ್‌ಸಿಬಿಓ ಸಿಕ್ಕರೆ ಹೊರಗಿನ ಲೈನಿಗೆ ಅದೊಂದೇ ಸಾಕು, ಬೆಲೆ ಸ್ವಲ್ಪ ಜಾಸ್ತಿ.

ಅರ್ತ್ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಬಿಚ್ಚಿ ನೋಡಿದರೆ ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ಇದ್ದರೂ ಅದು ಹೋಗಿ ಸೇರುವ ಗುಂಡಿ ಇಪ್ಪತ್ತು ವರ್ಷದಿಂದ ನೀರು ಕಂಡಿರುವುದಿಲ್ಲ; ಉಪ್ಪು ಇದ್ದಿಲು ಹಾಕಿ ಹೂತ ಜಿಐ ಪೈಪು ತುಕ್ಕು ಹಿಡಿದು, ಕ್ಲಾಂಪಿನ ಬಳಿ ಬೆರಳು ತಾಗಿದರೆ ಉದುರುತ್ತದೆ. ಹೊಸ ಅರ್ತ್ ಗುಂಡಿಗೆ ನಾಲ್ಕೈದು ಸಾವಿರ ತಗಲಬಹುದು. ಆ ಖರ್ಚು ಹೊರಗಿನ ಸಾಕೆಟ್ಟಿನದಲ್ಲ, ಇಡೀ ಮನೆಯದು. ಇವತ್ತಲ್ಲ ನಾಳೆ ಮಾಡಿಸಲೇಬೇಕಿತ್ತು ಎಂದುಕೊಳ್ಳಿ.

ಬಾಕ್ಸನ್ನು ಮುಚ್ಚಳ ನೋಡಿ ಆರಿಸಿ. ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ದೂಳಿನದು, ಎರಡನೆಯದು ನೀರಿನದು. ಸಿಟ್‌ಔಟಿನ ಸೂರಿನಡಿ ಐಪಿ44 ನಡೆಯುತ್ತದೆ. ಇರಚಲು ಬಡಿಯುವ ಗೋಡೆಗೆ ಐಪಿ55ಕ್ಕಿಂತ ಕಡಿಮೆ ಕೂಡದು. ಕರಾವಳಿ, ಮಲೆನಾಡಿನವರು ಐಪಿ65ಕ್ಕೇ ಹೋಗಿ. ಅಂಗಡಿಯಲ್ಲೇ ಒಂದು ಪ್ಲಗ್ ಕೇಳಿ ಪಡೆದು, ಅದನ್ನು ಚುಚ್ಚಿ ಮುಚ್ಚಳ ಹಾಕಿ ನೋಡಿ. ಎಷ್ಟೋ ಬಾಕ್ಸುಗಳು ಖಾಲಿ ಇರುವಾಗ ಮಾತ್ರ ಮುಚ್ಚಿಕೊಳ್ಳುತ್ತವೆ, ಪ್ಲಗ್ ಹಾಕಿದ ಕೂಡಲೇ ಬಾಯಿ ತೆರೆದು ನಿಲ್ಲುತ್ತವೆ. ರಾತ್ರಿಯಿಡೀ ಸ್ಕೂಟರ್ ಚಾರ್ಜಿಗಿಡುವವರಿಗೆ ಅಂಥದ್ದು ದಂಡ. ಪ್ಲಗ್ ಒಳಗಿರುವಾಗಲೇ ಮುಚ್ಚಳ ಕೂರಬೇಕು, ಕೇಬಲ್ಲು ಕೆಳಗಿನಿಂದ ಹೊರಬರಬೇಕು. ಬೀಗ ಹಾಕುವ ಕಿವಿಯಿದ್ದರೆ ಇನ್ನೂ ಒಳ್ಳೆಯದು.

ಸೊಂಟದೆತ್ತರಕ್ಕಿಂತ ಕೆಳಗೆ ಕೂರಿಸಬೇಡಿ. ಮಳೆಯ ಹನಿ ಅಂಗಳಕ್ಕೆ ಬಿದ್ದು ಮೇಲೆ ಚಿಮ್ಮುತ್ತದೆ, ಮಗುವಿನ ಕೈ ಅಲ್ಲಿಗೆ ಸಲೀಸಾಗಿ ಎಟಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತ ಬಡಾವಣೆಗಳವರು ಗೋಡೆಯ ಮೇಲಿನ ನೀರಿನ ಗುರುತು ನೋಡಿಕೊಂಡು ಅದಕ್ಕಿಂತ ಮೇಲೆ ಹಾಕಿಸಲಿ. ಮನೆಯೊಳಗೆ ಒಂದು ಸ್ವಿಚ್ ಇರಲಿ, ಫೇಸು ನ್ಯೂಟ್ರಲ್ಲು ಎರಡನ್ನೂ ಕಡಿಯುವಂಥದ್ದು. ಬಳಸದಿದ್ದಾಗ ಒಳಗಿನಿಂದಲೇ ಆಫ್ ಮಾಡಿ ಮಲಗಿ.

ವೈರ್‌ಮನ್ ಪರ್ಮಿಟ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅದನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಪಾಯಿಂಟ್ ಲೆಕ್ಕವೋ, ಮೀಟರ್ ಲೆಕ್ಕವೋ, ದಿನಗೂಲಿಯೋ ಚೀಟಿಯಲ್ಲಿ ಬರೆಸಿಕೊಳ್ಳಿ. ಸಾಮಾನನ್ನು ನೀವೇ ಹೋಗಿ ಬಿಲ್ ಸಮೇತ ತನ್ನಿ. 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತೆಂದು ಬಿಲ್ಲಿಲ್ಲದೆ ಕೊಂಡ ವೈರಿನಲ್ಲಿ ತಾಮ್ರ ಎಷ್ಟಿದೆ ಎಂಬುದಕ್ಕೆ ಯಾರೂ ಜವಾಬುದಾರರಲ್ಲ. ಐಎಸ್‌ಐ ಗುರುತಿನ ಕೆಳಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿಗೆ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ತಿಳಿಯುತ್ತದೆ. ಅಂಗಡಿಯವರು ಮುಖ ಗಂಟು ಹಾಕಿದರೆ ಹಾಕಲಿ.

ಕರೆಂಟ್ ಬಿಲ್ಲನ್ನೂ ಒಮ್ಮೆ ನೋಡಿಕೊಳ್ಳಿ. 16 ಆಂಪ್ ಸಾಕೆಟ್ ಪೂರ್ತಿ ಎಳೆದರೆ 3.7 ಕಿಲೋವ್ಯಾಟ್ ಹತ್ತಿರವಾಗುತ್ತದೆ. ಮಂಜೂರಾದ ಲೋಡ್ ಒಂದೋ ಎರಡೋ ಕಿಲೋವ್ಯಾಟ್ ಇರುವ ಮನೆಯವರು ಅದನ್ನು ಹೆಚ್ಚಿಸಿಕೊಳ್ಳಬೇಕು, ಆಗ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. 3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸ್ಕೂಟರನ್ನು ತಿಂಗಳಿಗೆ ಇಪ್ಪತ್ತು ಸಲ ತುಂಬಿಸಿದರೆ 70 ಯೂನಿಟ್ ಆಸುಪಾಸು. ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿರುವವರು ಆ ಎಪ್ಪತ್ತನ್ನು ತಮ್ಮ ಈಗಿನ ಬಳಕೆಗೆ ಕೂಡಿಸಿ ನೋಡಲಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಮಾಡಬಾರದ್ದು

ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಜೋಡಿಸಬಾರದು. ಅರ್ತ್ ವೈರ್ ಎಳೆಯುವ ತಾಪತ್ರಯ ತಪ್ಪಿಸಲು ಸಾಕೆಟ್ಟಿನ ಒಳಗೇ ಒಂದು ಸಣ್ಣ ತುಂಡು ಕೊಟ್ಟು ಮುಗಿಸುವವರಿದ್ದಾರೆ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಪಂಪಿನ, ವಾಷರಿನ ಇಡೀ ಲೋಹದ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ಸಾಕೆಟ್ ಮುಚ್ಚುವ ಮೊದಲು ಹಿಂಬದಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಸಿರು ವೈರ್ ಕಾಣದಿದ್ದರೆ ಹಣ ಕೊಡಬೇಡಿ.

ಒಂದು ಲೈನಿನ ಫೇಸಿಗೆ ಇನ್ನೊಂದರ ನ್ಯೂಟ್ರಲ್ ಸೇರಿಸಲು ಬಿಡಬಾರದು. ಆರ್‌ಸಿಸಿಬಿ ಬೇರೆ ಬೇರೆ ಇರುವ ಮನೆಯಲ್ಲಿ ಹೀಗೆ ಮಾಡಿದರೆ ಅದು ಸುಮ್ಮಸುಮ್ಮನೆ ಬೀಳುತ್ತಲೇ ಇರುತ್ತದೆ. ಆಗ ಬರುವ ಸಲಹೆ ಒಂದೇ, ಅದನ್ನು ತೆಗೆದು ನೇರ ಕೊಟ್ಟುಬಿಡೋಣ ಸಾರ್, ತಲೆನೋವು ಇರಲ್ಲ. ಒಪ್ಪಕೂಡದು. ಆರ್‌ಸಿಸಿಬಿ ಬೀಳುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಜೋಡಣೆ ತಪ್ಪಿದೆ. ಒಂದೊಂದೇ ಲೈನ್ ಬಿಡಿಸಿ ಹುಡುಕಿಸಿ.

ಪೈಪಿನ ನಡುವೆ ಜಾಯಿಂಟ್ ಹಾಕಿ ಟೇಪ್ ಸುತ್ತುವುದು ಬೇಡ. ಬಿಸಿಲಿಗೆ ಟೇಪಿನ ಅಂಟು ಕರಗಿ ಒಂದೆರಡು ಬೇಸಿಗೆಯಲ್ಲೇ ಬಿಚ್ಚಿಕೊಳ್ಳುತ್ತದೆ.

ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಅದನ್ನೇ ಕಾಯಂ ಮಾಡಿಕೊಳ್ಳಬಾರದು. ಕಿಟಕಿ ಬಾಗಿಲು ದಿನಾ ಅದೇ ಜಾಗದಲ್ಲಿ ವೈರನ್ನು ಕಚ್ಚುತ್ತದೆ. ಒಂದು ದಿನದ ಕೆಲಸಕ್ಕೆ ತೆಗೆದುಕೊಂಡರೂ ಸುರುಳಿ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದಂತೆಯೇ ಭಾರೀ ಲೋಡ್ ಕೊಟ್ಟರೆ ಒಳಗೇ ಕಾದು ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಪ್ಲಗ್ ಇಲ್ಲವೆಂದು ವೈರಿನ ತುದಿ ಸುಲಿದು, ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸುವುದು ಸರ್ವಥಾ ಕೂಡದು. ಶಾಮಿಯಾನದವರು, ಸೀರಿಯಲ್ ಸೆಟ್ಟಿನವರು, ಬೋರ್‌ವೆಲ್ ಮೋಟರ್ ನೋಡಲು ಬಂದವರು ನಿಮ್ಮ ಕಣ್ಣೆದುರೇ ಮಾಡುತ್ತಾರೆ. ಮೂರು ಪಿನ್ನಿನ ಪ್ಲಗ್ ನೂರು ರೂಪಾಯಿಯ ಒಳಗೆ ಸಿಗುತ್ತದೆ. ಒಂದು ತಂದು ಮನೆಯಲ್ಲೇ ಇಟ್ಟಿರಿ, ಬಂದವರ ಕೈಗೆ ಕೊಡಿ, ಹಾಕಿಕೊಂಡ ಮೇಲೆ ಸ್ವಿಚ್ ಒತ್ತಿ.

ಬಟ್ಟೆ ಒಣಹಾಕುವ ತಂತಿಯನ್ನು ಸಾಕೆಟ್ ಬಾಕ್ಸಿಗೋ ಅದರ ಪೈಪಿಗೋ ಬಿಗಿಯಬೇಡಿ. ಒದ್ದೆ ಸೀರೆ, ಜಿಐ ತಂತಿ, ಸವೆದ ವೈರ್ ಮೂರೂ ಒಂದೆಡೆ ಸೇರಿದರೆ ಏನಾಗುತ್ತದೆಂದು ಪ್ರತಿ ಮಳೆಗಾಲ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಕಬ್ಬಿಣದ ಗೇಟು, ಗ್ರಿಲ್ಲುಗಳಿಗೂ ಇದೇ ಮಾತು.

ಮೀಟರಿನ ಹಿಂದಿನಿಂದ ಲೈನ್ ತೆಗೆಯುವುದು ಕಳ್ಳತನ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ಜೈಲಿಗೂ ದಾರಿ. ಪಕ್ಕದಲ್ಲಿ ಮನೆ ಕಟ್ಟುವವರಿಗೆ, ಎದುರಿನ ತಿಂಡಿಗಾಡಿಯವರಿಗೆ ನಿಮ್ಮ ಸಾಕೆಟ್ಟಿನಿಂದ ಲೈನ್ ಕೊಡುವುದೂ ನಿಯಮಕ್ಕೆ ವಿರುದ್ಧ. ಮನೆಗೆಂದು ಮಂಜೂರಾದ ಸಂಪರ್ಕವನ್ನು ವ್ಯಾಪಾರಕ್ಕೆ, ಕಟ್ಟಡದ ಕೆಲಸಕ್ಕೆ ಬಳಸಿದರೆ 126ನೇ ಕಲಮಿನ ಪ್ರಕಾರ ದುಪ್ಪಟ್ಟು ದರದಲ್ಲಿ ವಸೂಲಿ, ಅದೂ ಮೀಟರ್ ಯಾರ ಹೆಸರಿನಲ್ಲಿದೆಯೋ ಅವರಿಂದ. ನೆರೆಹೊರೆ ಎಂಬ ದಾಕ್ಷಿಣ್ಯ ಇಲ್ಲಿ ಬೇಡ. ತಾತ್ಕಾಲಿಕ ಸಂಪರ್ಕ ಎಂಬುದು ಇರುವುದೇ ಅವರಿಗಾಗಿ.

ಹಾಕಿಸಿದ ಮೇಲೆ

ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಕೂಡಲೇ ಬೀಳದಿದ್ದರೆ ಬದಲಾಯಿಸಿ. ಆದರೆ ಆ ಬಟನ್ ಯಂತ್ರ ಚಲಿಸುತ್ತಿದೆ ಎಂದಷ್ಟೇ ಹೇಳುತ್ತದೆ, ನಿಮ್ಮ ಅರ್ತ್ ಗುಂಡಿಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಅದನ್ನು ಎಲೆಕ್ಟ್ರಿಷಿಯನ್ ಮೀಟರ್ ಹಿಡಿದೇ ನೋಡಬೇಕು; ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದು ನಿಮ್ಮ ಕೆಲಸ. ಮಳೆಗಾಲಕ್ಕೆ ಮುಂಚೆ ಮೇನ್ ಆಫ್ ಮಾಡಿ ಬಾಕ್ಸಿನ ಮುಚ್ಚಳ ತೆರೆಯಿರಿ. ಸಾಕೆಟ್ಟಿನ ತೂತುಗಳಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ, ಮೂಲೆಯಲ್ಲಿ ಇರುವೆ ಗೂಡು, ಕೆಲವೊಮ್ಮೆ ಹಲ್ಲಿ. ಒಣ ಬ್ರಷ್ಷಿನಿಂದ ತೆಗೆಯಿರಿ, ನೀರು ಮುಟ್ಟಿಸಬೇಡಿ. ಮುಚ್ಚಳದ ಅಂಚಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿ. ರಬ್ಬರ್ ಹೋದ ಐಪಿ65 ಬಾಕ್ಸಿಗೂ ಮಾಮೂಲಿ ಡಬ್ಬಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿ, ಆಮೇಲೆ 108ಕ್ಕೆ ಫೋನ್. ರಸ್ತೆಯ ಕಂಬದಿಂದ ಬಂದ ಲೈನಿನದೇ ತೊಂದರೆಯಾದರೆ 1912. ಮೇನ್ ಸ್ವಿಚ್ ಎಲ್ಲಿದೆ, ಯಾವ ಕಡೆಗೆ ಒತ್ತಬೇಕು ಎಂಬುದನ್ನು ಮನೆಯ ಅಜ್ಜಿಗೂ ಕೆಲಸದವರಿಗೂ ಇವತ್ತೇ ತೋರಿಸಿಕೊಡಿ.